ಬೆನ್ನು ಮಾಡಿ ಕೂತ ಹಿರಿಯರು

ಮಳೆ ನಿಂತ ಮೇಲೆ ಅದಿರಿನ ಕೆಂಪು ಕೆಸರಿಗೆ ಒಂದು ವಾಸನೆ ಬರುತ್ತದೆ. ತುಕ್ಕು ಹಿಡಿದ ಬಕೆಟ್ಟಿನಲ್ಲಿ ನಿಂತ ನೀರಿನ ವಾಸನೆಯಂಥದ್ದು. ಹೊಸಪೇಟೆ, ಸಂಡೂರು ಕಡೆ ಬೆಳೆದವರಿಗೆ ಮಳೆಗಾಲವೆಂದರೆ ಇದೇ ವಾಸನೆ. ಕಳೆದ ತಿಂಗಳು ನಮ್ಮ ಕಡೆಯದೇ ಒಂದು ನೋಂದಣಿ ಕಚೇರಿಯ ಪಡಸಾಲೆಯಲ್ಲಿ ನಿಂತಿದ್ದೆ. ಬಂದವರ ಚಪ್ಪಲಿಗಳಿಂದ ನೆಲವೆಲ್ಲ ಕೆಂಪಾಗಿತ್ತು. ನನ್ನ ಹಳೆಯ ವಿದ್ಯಾರ್ಥಿನಿ ರೇಣುಕಾಳ ಮದುವೆ ನೋಂದಣಿಗೆ ಸಾಕ್ಷಿಯಾಗಿ ಹೋಗಿದ್ದೆ. ಹುಡುಗ ಅವಳ ಪಕ್ಕದಲ್ಲಿ ಇಸ್ತ್ರಿ ಅಂಗಿಯಲ್ಲಿ ಬೆವರುತ್ತಿದ್ದ. ಅವಳ ಅಪ್ಪ ಅಮ್ಮ ಬಂದಿರಲಿಲ್ಲ. ಬರುವುದಿಲ್ಲವೆಂದೂ ಹೇಳಿರಲಿಲ್ಲ, ಬರುತ್ತೇವೆಂದೂ ಹೇಳಿರಲಿಲ್ಲ.

ಮೇಜಿನ ಹಿಂದಿದ್ದ ಗುಮಾಸ್ತ ಇನ್ನೂ ಹುಡುಗನೇ. ಕಾಗದಗಳನ್ನು ತಿರುವಿ ಹಾಕಿ ಕೇಳಿದ. "ಎಲ್ಲ ಐತ್ರಿ. ಹಿರೇರ ಸಹಿ ಎಲ್ಲೈತಿ?"

"ಸಾಕ್ಷಿಗೆ ನಾನು ಬಂದೀನಲ್ಲಪ್ಪ," ಎಂದೆ.

"ಸಾಕ್ಷಿ ಬ್ಯಾರೆ, ಹಿರೇರು ಬ್ಯಾರೆ ಮೇಡಂ."

"ಯಾವ ಕಾನೂನಿನಾಗ ಐತಿ ಅದು?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಕಾನೂನು ಅಂತಲ್ರಿ. ಮದ್ಲಿಂದ ನಡ್ಕೊಂಡು ಬಂದೈತಿ. ಸಾಹೇಬ್ರು ಊಟಕ್ಕ ಹೋಗ್ಯಾರ, ಬಂದ ಮ್ಯಾಲ ಕೇಳ್ರಿ ಬೇಕಾದ್ರ. ಅವ್ರೂ ಇದನ್ನ ಹೇಳ್ತಾರ."

ಸಾಹೇಬರು ಬರುವ ತನಕ ಬೆಂಚಿನ ಮೇಲೆ ಕೂತೆ. ಮೊದಲಿಂದ ನಡೆದುಕೊಂಡು ಬಂದದ್ದೇನೂ ಅಲ್ಲ ಅದು. ಅದು ಶುರುವಾದ ಮಳೆಗಾಲ ನನಗೆ ಗೊತ್ತು.

ಗೊತ್ತು ಎಂದು ಬರೆದ ಕೂಡಲೇ ಅನುಮಾನ ಬರುತ್ತದೆ. ಮನೆಗೆ ಬಂದು ಆ ವರ್ಷದ ನನ್ನ ದಿನಚರಿ ತೆಗೆದು ನೋಡಿದೆ. ಮುಖ್ಯವಾದದ್ದು ಒಂದೂ ಅದರಲ್ಲಿಲ್ಲ. ಮಳೆ ಬಂತು, ಬಸ್ಸು ತಪ್ಪಿತು, ಹಲ್ಲು ನೋಯುತ್ತಿದೆ, ಇಷ್ಟೇ. ಆಮೇಲೆ ಹಲವರಿಗೆ ಹಲವು ಸಲ ಹೇಳಿ ಹೇಳಿ ನಾನೇ ತಿದ್ದಿಕೊಂಡ ಕಥೆಯೊಂದು ತಲೆಯಲ್ಲಿದೆ. ಆದ್ದರಿಂದ ಹೇಳುವಾಗ ಚೆನ್ನಾಗಿ ಕೇಳಿಸುವ ಜಾಗಗಳಲ್ಲಿ ನಾನೇ ನಿಂತು ನೋಡಬೇಕಾಗಿದೆ.

ಆ ವರ್ಷ ಕಾಲೇಜಿನವರು ನನ್ನ ಅತಿಥಿ ಉಪನ್ಯಾಸಕಿಯ ಕೆಲಸ ಮುಂದುವರಿಸಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿಕೊಂಡು ಮನೆಯಲ್ಲಿ ಕೂತಿದ್ದೆ. ಪರಿಚಯದವರೊಬ್ಬರು ಜಂಬನಗೌಡರ ಹತ್ತಿರ ಕಳಿಸಿದರು. ಗೌಡರು ಹಳೆಯ ಶಾಸಕರು, ಆಗ ವಿರೋಧ ಪಕ್ಷದಲ್ಲಿದ್ದರು. ಹೊಸಪೇಟೆಯಲ್ಲಿ ಅವರದೊಂದು ಆಫೀಸಿತ್ತು. ಭಾಷಣ ಬರೆಯುವುದು, ಮನವಿಗಳಿಗೆ ಉತ್ತರ ಬರೆಯುವುದು, ಸದನದಲ್ಲಿ ಕೇಳುವ ಪ್ರಶ್ನೆಗಳನ್ನು ಒಳ್ಳೆಯ ಕನ್ನಡಕ್ಕೆ ತರುವುದು ನನ್ನ ಕೆಲಸ. ಗೌಡರು ಹೇಳಿದ್ದನ್ನು ನಾನು ನಂಬಬೇಕೆಂದೇನೂ ಇರಲಿಲ್ಲ. ನಂಬುತ್ತಿರಲೂ ಇಲ್ಲ. ಆದರೆ ಅವರು ಸುಳ್ಳು ಹೇಳುವ ಮನುಷ್ಯರಾಗಿರಲಿಲ್ಲ. ಅದು ಕೆಲಸವನ್ನು ಸುಲಭ ಮಾಡಿತೋ ಕಷ್ಟ ಮಾಡಿತೋ ಇವತ್ತಿಗೂ ಹೇಳಲಾರೆ.

ಆ ಆಫೀಸಿನಲ್ಲಿ ಅಡಿಗೆ, ಚಹಾ ನೋಡಿಕೊಳ್ಳುತ್ತಿದ್ದವಳು ಹುಲಿಗೆಮ್ಮ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಆದರೂ ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ಅದಿರು ಲಾರಿ ಓಡಿಸುತ್ತಿದ್ದ ಅವಳ ಗಂಡ ಸಂಡೂರು ಘಾಟಿನಲ್ಲಿ ಲಾರಿ ಉರುಳಿ ಸತ್ತಿದ್ದ. ಮಕ್ಕಳಿರಲಿಲ್ಲ. ಕುರೆಕುಪ್ಪದಲ್ಲಿ ಮಾವನ ಜೊತೆ ಇದ್ದು ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು.

ಜೂನ್ ಕಳೆದು ಡ್ಯಾಮಿಗೆ ನೀರು ಬರತೊಡಗಿದ ಹೊತ್ತಿಗೆ ಸಭೆಗಳು ಶುರುವಾದವು. ಕೆಲವರು ಆಡಳಿತ ಪಕ್ಷದವರು, ಕೆಲವರು ವಿರೋಧ ಪಕ್ಷದವರು. ಸದನದಲ್ಲಿ ಮೇಜು ಕುಟ್ಟಿ ಬೈದಾಡುವವರು ಕಮಲಾಪುರದ ಪ್ರವಾಸಿ ಮಂದಿರದಲ್ಲಿ ಒಂದೇ ಮೇಜಿನ ಸುತ್ತ ಕೂರುತ್ತಿದ್ದರು. ಪತ್ರಿಕೆಗಳು ಅವರನ್ನು ಸಮಾನ ಮನಸ್ಕ ಶಾಸಕರು ಎಂದು ಕರೆದವು. ಇಂಥ ಮಾತಿಗೆ ಸಾಮಾನ್ಯವಾಗಿ ಸರ್ಕಾರ ಬೀಳಿಸುವ ಅರ್ಥ ಇರುತ್ತದೆ. ಇವರಿಗೆ ಅದು ಬೇಕಿರಲಿಲ್ಲ. ಇವರ ಮನಸ್ಸು ಒಂದಾದದ್ದು ಬೇರೆ ವಿಷಯಕ್ಕೆ. ಹಳೆಯದು ಹಾಳಾಗುತ್ತಿದೆ, ಮಕ್ಕಳು ಕೈತಪ್ಪುತ್ತಿದ್ದಾರೆ, ಹಿರಿಯರನ್ನು ಕೇಳದೆ ಮದುವೆಯಾಗುತ್ತಿದ್ದಾರೆ. ಒಪ್ಪಿಗೆಯ ಸಹಿ ಇಲ್ಲದೆ ಮದುವೆ ನೋಂದಣಿ ಮಾಡಬಾರದು ಎಂದು ಖಾಸಗಿ ಮಸೂದೆಯೊಂದನ್ನು ತರಬೇಕೆಂದು ಅವರು ಹೊರಟಿದ್ದರು. ಸರ್ಕಾರ ತರುವ ಮಸೂದೆಯಲ್ಲ, ಸದಸ್ಯರು ತಾವಾಗಿ ತರುವಂಥದ್ದು. ಅಂಥವು ಪಾಸಾಗುವುದು ಬಲು ಅಪರೂಪ. ನನಗೆ ಅದು ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಹುಲಿಗೆಮ್ಮ ಚಹಾ ಮಾಡಲು ಕಮಲಾಪುರಕ್ಕೂ ಬರುತ್ತಿದ್ದಳು. ಮೊದಲ ದಿನವೇ ಅವಳು ನನ್ನ ಕಿವಿಯಲ್ಲಿ ಹೇಳಿದಳು. "ಇವ್ರು ಸಮಾನ ಮನಸ್ಕರಲ್ಲ್ರಿ ಅಕ್ಕಾರ, ಸಮಾನ ಶುಗರ್‌ನೋರು. ಒಬ್ರಿಗೂ ಸಕ್ರಿ ಹಾಕಂಗಿಲ್ಲ."

ಕಿಟಕಿಯಾಚೆ ಬಾಳೆ ತೋಟಗಳು. ಮಳೆ ಬಿದ್ದರೆ ಎಲೆಗಳ ಸದ್ದಿಗೆ ಒಳಗಿನ ಮಾತು ಕೇಳಿಸುತ್ತಿರಲಿಲ್ಲ. ಒಂದು ಸಲ ಡ್ಯಾಮಿನ ಗೇಟು ತೆಗೆದು ಕಂಪ್ಲಿ ಸೇತುವೆ ಮುಳುಗಿ, ಹೊಳೆಯಾಚೆಯ ಸದಸ್ಯರು ಬರಲಾಗದೆ ಸಭೆಯೇ ನಿಂತಿತು. ಅವತ್ತು ನನಗೆ ರಜೆ ಸಿಕ್ಕಷ್ಟು ಖುಷಿಯಾಯಿತು. ಆ ಸಭೆಗಳ ಬಗ್ಗೆ ದಿನಚರಿಯಲ್ಲಿ ಅದು ಮಾತ್ರ ಇದೆ.

ನಾನು ಬರೆದ ಕರಡಿನಲ್ಲಿ 'ಪಾಲಕರ ಲಿಖಿತ ಒಪ್ಪಿಗೆ' ಎಂದಿತ್ತು. ಕಂಪ್ಲಿ ಕಡೆಯ ರೈಸ್‌ಮಿಲ್ಲಿನ ಒಡೆಯರು ರುದ್ರಪ್ಪನವರು. ಆಡಳಿತ ಪಕ್ಷದ ಶಾಸಕರು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗು. ಅವರು ಓದಿ ಮುಖ ಹಿಂಡಿದರು.

"ಪಾಲಕರು ಅಂದ್ರ ಶಾಲಿ ಮೀಟಿಂಗ್ ನೆಪ್ಪಾಗ್ತೈತ್ರಿ."

"ಪೋಷಕರು ಅಂತ ಹಾಕ್ಬಹುದು," ಎಂದೆ.

"ಬ್ಯಾಡ. ಗೊಬ್ಬರದ ಚೀಲದ ಮ್ಯಾಲ ಬರ್ದಂಗಾಗ್ತೈತಿ."

ಜಂಬನಗೌಡರು ಕಣ್ಣು ಮುಚ್ಚಿಕೊಂಡೇ ಹೇಳಿದರು. "ಹಿರಿಯರು ಅಂತ ಬರಿ ತಂಗಿ."

"ಹಿರಿಯರು ಅಂದ್ರ ಯಾರಂತ ಮಸೂದೆಯಾಗ ಬಿಡಿಸಿ ಹೇಳಬೇಕಾಗ್ತೈತ್ರಿ ಗೌಡ್ರ."

"ಹಿರಿಯರು ಅಂದ್ರ ಹಿರಿಯರು. ಅದಕ್ಕೇನು ಬಿಡಿಸಿ ಹೇಳಾದು?"

ಲೋಟಗಳನ್ನು ಎತ್ತಿಡುತ್ತಿದ್ದ ಹುಲಿಗೆಮ್ಮ ತಡೆಯಲಾರದೆ ನಕ್ಕಳು. "ನಮ್ಮ ಕಡೆ ಹಿರೇರು ಅಂದ್ರ ಸತ್ತೋರ್ರಿ. ಮಾರ್ನಮಿ ಅಮಾಸಿಗೆ ಎಡಿ ಇಡ್ತೀವಲ್ರಿ, ಅವ್ರು."

ರುದ್ರಪ್ಪನವರ ಹೊಟ್ಟೆ ಕುಣಿಯಿತು. "ಹಂಗಾರ ಸಹಿ ತರಾಕ ಭಾಳ ದೂರ ಹೋಗಬೇಕಾತು."

ಎಲ್ಲರೂ ನಕ್ಕರು, ಗೌಡರೂ ನಕ್ಕರು. ಪದ ಹಾಗೆಯೇ ಉಳಿಯಿತು. ಯಾರು ಹಿರಿಯರು ಎಂಬುದನ್ನು ಯಾರೂ ಬಿಡಿಸಿ ಹೇಳಲಿಲ್ಲ.

ಅವರನ್ನು ಗೇಲಿ ಮಾಡಿ ಬರೆಯುವುದು ಸುಲಭ. ಸ್ನೇಹಿತರ ನಡುವೆ ಎಷ್ಟೋ ಸಲ ಮಾಡಿದ್ದೇನೆ. ಆದರೆ ಗೌಡರು ಒಂದು ದಿನ ಕಾರಿನಲ್ಲಿ ಸಂಡೂರಿನಿಂದ ಬರುವಾಗ ಹೇಳಿದ ಮಾತು ಅದಕ್ಕೆ ಅಡ್ಡ ಬರುತ್ತದೆ. ಮಳೆಗೆ ಹಸಿರಾದ ಗುಡ್ಡಗಳ ನಡುವೆ ಅಗೆದ ಜಾಗಗಳು ಗಾಯದ ಹಾಗೆ ಕಾಣುತ್ತಿದ್ದವು. "ಮುಂಜಾನೆ ಬಾಗಲಾ ತೆಗೆದ್ರ ಒಬ್ಬ ಅಪ್ಪ ಕಟ್ಟಿ ಮ್ಯಾಲ ಕುಂತು ಅಳ್ತಿರ್ತಾನ. ಮಗಳು ಹ್ವಾದ್ಳು ಅಂತಾನ. ರೋಡು ಬೇಕು, ಬೋರು ಬೇಕು ಅಂದ್ರ ಮಾಡಿಸಿ ಕೊಡ್ತೀನಿ. ಇವನಿಗೆ ಏನು ಕೊಡ್ಲಿ ತಂಗಿ?" ನಾನು ಆ ಮಗಳ ಬಗ್ಗೆ ಕೇಳಬಹುದಿತ್ತು.

ಶ್ರಾವಣದಲ್ಲಿ ರುದ್ರಪ್ಪನವರೂ ಗೌಡರೂ ಒಂದು ಸಮುದಾಯ ಭವನದ ಉದ್ಘಾಟನೆಯಲ್ಲಿ ಒಂದೇ ವೇದಿಕೆ ಹತ್ತಿದರು. ಇನ್ನು ಮೇಲೆ ಹಿರಿಯರ ಸಹಿ ಇಲ್ಲದೆ ಮದುವೆ ದಾಖಲಾಗುವುದಿಲ್ಲ ಎಂದು ಇಬ್ಬರೂ ಹೇಳಿದರು. 'ಆಗಬಾರದು' ಎಂದು ನಾನು ಬರೆದುಕೊಟ್ಟಿದ್ದೆ, ಮೈಕಿನಲ್ಲಿ ಅದು 'ಆಗುವುದಿಲ್ಲ' ಎಂದು ಬಂತು. ಅಥವಾ ನಾನು ಬರೆದದ್ದೇ ಹಾಗಿತ್ತೋ ಏನೋ. ಆ ಹಾಳೆ ಈಗ ಎಲ್ಲೂ ಇಲ್ಲ.

ಅದಾದ ಮೇಲೆ ಒಂದು ಸಂಜೆ ಹುಲಿಗೆಮ್ಮ ಪಾತ್ರೆ ತೊಳೆಯುತ್ತ ಕೇಳಿದಳು. "ಆ ಕಾನೂನು ಯಾವಾಗ ಬರ್ತೈತ್ರಿ ಅಕ್ಕಾರ?"

"ಬರಂಗಿಲ್ಲ ಬಿಡು. ಇಂಥಾವು ಪಾಸ್ ಆಗಂಗಿಲ್ಲ."

"ಖರೇನಾ?"

"ಖರೇನ. ಯಾಕ?"

ಅವಳು ನೀರು ನಿಲ್ಲಿಸಿದಳು. ಈರಣ್ಣ ಎಂಬವನ ಹೆಸರು ನಾನು ಮೊದಲ ಸಲ ಕೇಳಿದ್ದು ಆಗ. ಕಾಲುವೆಯ ತೂಬುಗಳಿಗೆ ನೀರು ಬಿಡುವ ಕೆಲಸ ಅವನದು, ಮನೆ ಗಾದಿಗನೂರಿನಲ್ಲಿ. ಹೆಂಡತಿ ತೀರಿಕೊಂಡಿದ್ದಳು. ಹುಲಿಗೆಮ್ಮ ದಿನಾ ಹೋಗುವ ಬಸ್ಸಿನಲ್ಲೇ ಅವನೂ ಬರುತ್ತಿದ್ದ. ಗುಡಿಯಲ್ಲಿ ಮಾಲೆ ಹಾಕಿಕೊಂಡು ನೋಂದಣಿ ಮಾಡಿಸಬೇಕೆಂದಿದ್ದರು.

"ಮಾಲಿ ಬಿಡ್ರಿ, ನನಗ ಕಾಗದ ಬೇಕು," ಎಂದಳು. "ಕಾಗದ ಇಲ್ದ ಹ್ವಾದ್ರ ಇಟ್ಕೊಂಡೋಳು ಅಂತಾರ. ಅದೊಂದು ಮಾತು ನಾ ಕೇಳಾಕ ಒಲ್ಲೆ."

ಹಾಗೆ ನಾವು ಮೂವರೂ ಇದೇ ಕಚೇರಿಗೆ ಬಂದೆವು. ಆಗಿನ ಗುಮಾಸ್ತರು ವಯಸ್ಸಾದವರು, ಮೂಗಿನ ತುದಿಯಲ್ಲಿ ಕನ್ನಡಕ. ಕೇಳಿದ ಕೂಡಲೇ ಹೇಳಿದರು. "ಹಿರೇರ ಸಹಿ ತರಬೇಕವ್ವ. ಗಂಡನ ಮನಿದಾದ್ರೂ ಸೈ, ತವರುಮನಿದಾದ್ರೂ ಸೈ."

ತವರಿನಲ್ಲಿ ಅವಳಿಗೆ ಯಾರೂ ಉಳಿದಿರಲಿಲ್ಲ. ನನಗೆ ಸಿಟ್ಟು ಬಂತು. ಆ ಮಸೂದೆ ಬರೆದವಳೇ ನಾನು, ಅದಿನ್ನೂ ಸದನಕ್ಕೇ ಬಂದಿಲ್ಲ ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ನೀವು ಓದಿದೋರು, ನಿಮಗ ಗೊತ್ತಿರ್ತೈತಿ. ಆದ್ರ ಮೇಡಂ, ಆ ಪಕ್ಷದೋರೂ ಈ ಪಕ್ಷದೋರೂ ಒಂದ ಸ್ಟೇಜ್ ಮ್ಯಾಲ ನಿಂತು ಒಂದ ಮಾತು ಹೇಳಿದ್ರ, ಅದು ಕಾನೂನಲ್ದ ಇನ್ನೇನ್ರಿ? ನಾಳೆ ಯಾರು ಗೆದ್ರೂ ನನ್ನ ಕೇಳೋರು ಅವ್ರೇ ಅಲ್ಲೇನು?"

"ಹಂಗಾರ ನಾನು ಸಹಿ ಹಾಕ್ತೀನಿ."

ಅವರು ನಕ್ಕರು. ಕೆಟ್ಟ ನಗುವಲ್ಲ ಅದು. "ನಿಮ್ದ ಇನ್ನಾ ಮದುವಿ ಆಗಿಲ್ಲ. ನೀವೇನು ಹಿರೇರೇನ್ರಿ?"

ಹೊರಗೆ ಬಂದಾಗ ಈರಣ್ಣ, ಇರಲಿ ಬಿಡ್ರಿ, ಇರಲಿ ಬಿಡ್ರಿ ಎಂದು ನನ್ನನ್ನೇ ಸಮಾಧಾನ ಮಾಡಿದ. ಮರುದಿನ ಹುಲಿಗೆಮ್ಮ ನೇರವಾಗಿ ಗೌಡರ ಮುಂದೆ ಹೋಗಿ ನಿಂತಳು. ನಾನು ಅಲ್ಲೇ ಮೂಲೆಯ ಮೇಜಿನಲ್ಲಿದ್ದೆ.

"ಅಪ್ಪಾರ, ಒಂದು ಫೋನ್ ಹಚ್ರಿ ಸಾಕು."

"ನಾನ ಕಾನೂನು ತರಾಕತ್ತೀನಿ, ನಾನ ಮುರಿ ಅಂತ ಹೆಂಗ ಹೇಳ್ಲವ್ವ?"

"ಅದಿನ್ನಾ ಕಾನೂನು ಆಗಿಲ್ಲಂತಲ್ರಿ."

"ಆಗಿಲ್ಲ. ಅದಕ್ಕ ಈಗಿಂದ ರೂಢಿ ಆಗ್ಬೇಕು." ಮುಂದಿದ್ದ ಕಾಗದ ಸರಿಸಿ ಹೇಳಿದರು. "ನಿಮ್ಮ ಮಾವ ಹನುಮಂತಪ್ಪ ಗೊತ್ತವನು ನನಗ. ಒಳ್ಳೆ ಮನುಷಾ. ಬ್ಯಾಡ ಅನ್ನಂಗಿಲ್ಲ. ಕೇಳಿ ನೋಡು."

ಕೇಳಲು ನಾನೂ ಜೊತೆಗೆ ಹೋದೆ. ಕುರೆಕುಪ್ಪದ ಆ ಮನೆಯ ತಗಡಿನ ಮೇಲೆ ಕೂಡ ಕೆಂಪು ಧೂಳು ಕೂತು, ಮಳೆಗೆ ಇಳಿದು, ಗೋಡೆಯ ಮೇಲೆಲ್ಲ ಕೆಂಪು ಗೆರೆ ಮೂಡಿತ್ತು. ಹನುಮಂತಪ್ಪ ಬೀಡಿ ಆರಿಸಿ ಎಲ್ಲ ಕೇಳಿಸಿಕೊಂಡ.

"ಹೋಗ್ಲಿ," ಎಂದ. "ಬ್ಯಾಡ ಅನ್ನಂಗಿಲ್ಲ. ವಯಸ್ಸೈತಿ. ಆ ಹುಡುಗನ್ನೂ ನೋಡೀನಿ, ಕುಡಿಯಂಗಿಲ್ಲ."

"ಹಂಗಾರ ಒಂದು ಹೆಬ್ಬಟ್ಟು ಒತ್ತಿಬಿಡ್ರಿ," ಎಂದೆ.

"ಒತ್ತಂಗಿಲ್ಲವ್ವ."

"ಒಪ್ಪಿಗಿ ಐತಿ ಅಂದ್ರಿ?"

"ಐತಿ. ಆದ್ರ ಒತ್ತಿದ್ರ ನನ್ಮಗ ಸತ್ತಾನ ಅಂತ ನಾನ ಒತ್ತಿಕೊಟ್ಟಂಗ. ಅವ್ರು ಕೇಳ್ಯಾರ, ಇವ್ರು ಕೇಳ್ಯಾರ, ಇನ್ಶೂರಿನೋರೂ ಬಂದು ಕೇಳಿದ್ರು. ಎಲ್ಲೂ ಒತ್ತಿಲ್ಲ ನಾನು." ಸೊಸೆಯ ಕಡೆ ತಿರುಗಿದ. "ಆಕಿಗೆ ಗೊತ್ತೈತಿ. ಕೇಳ್ರಿ."

ಹುಲಿಗೆಮ್ಮ ಹೌದೆಂದು ತಲೆಯಾಡಿಸಿದಳು. ಅವಳಿಗೆ ಮಾವನ ಮೇಲೆ ಬೇಸರವಿರಲಿಲ್ಲ. ನನಗೇ ಇದ್ದದ್ದು. ಬಾಯಲ್ಲಿರುವ ಒಪ್ಪಿಗೆ ಕಾಗದಕ್ಕೆ ಇಳಿಯದಿದ್ದರೆ ಕಾಗದ ಏನು ಮಾಡಬೇಕು ಎಂದು ಮಸೂದೆಯಲ್ಲಿ ನಾವು ಯೋಚಿಸಿರಲಿಲ್ಲ.

ಮಾರ್ನಮಿ ಅಮಾವಾಸ್ಯೆ ಬಂತು. ಗೌಡರ ತಾಯಿ ಹನುಮಕ್ಕಜ್ಜಿ ಗಾದಿಗನೂರಿನ ಹತ್ತಿರ ಹೊಲದ ಮನೆಯಲ್ಲಿದ್ದಳು. ಹೊಸಪೇಟೆಗೆ ಬಾ ಎಂದರೆ ಅಲ್ಲಿ ನೀರು ಸಪ್ಪಗೆ ಎನ್ನುತ್ತಿದ್ದಳು. ಆ ವರ್ಷ ಗೌಡರು ರುದ್ರಪ್ಪನವರನ್ನು ಊಟಕ್ಕೆ ಕರೆದರು. ಅಡಿಗೆಗೆ ಹುಲಿಗೆಮ್ಮ ಹೋಗಿದ್ದಳು. ಭಾಷಣವೊಂದನ್ನು ತೋರಿಸುವುದಿತ್ತೆಂದು ನಾನೂ ಹೋದೆ.

ಒಳಕೋಣೆಯಲ್ಲಿ ತೀರಿಕೊಂಡವರಿಗೆಂದು ಎಲೆಗಳನ್ನು ಸಾಲಾಗಿ ಹಾಕಿ, ಹೊಸ ಸೀರೆ, ಧೋತರ ಇಟ್ಟು, ಹೋಳಿಗೆ ಬಡಿಸಿದ್ದರು. ಒಂದು ಎಲೆ ಮಾತ್ರ ಸಾಲು ಬಿಟ್ಟು ಕಂಬದ ಪಕ್ಕಕ್ಕಿತ್ತು. ರುದ್ರಪ್ಪನವರು ಕೈಮುಗಿದು, ಕುತೂಹಲ ತಡೆಯಲಾರದೆ ಕೇಳಿದರು. "ಯವ್ವಾ, ಆ ಎಲಿ ಯಾಕ ದೂರ ಐತಿ?"

"ಅದು ನನ್ನ ಮದ್ಲಿನ ಗಂಡಂದಪ್ಪ," ಎಂದಳು ಅಜ್ಜಿ. "ಈ ಮನಿಯೋರಿಗೂ ಅವನಿಗೂ ಪರಿಚಯ ಇಲ್ಲ. ಒಂದ ಸಾಲಿಗೆ ಹೆಂಗ ಕುಂದ್ರಸ್ಲಿ? ಮುಜುಗರ ಮಾಡ್ಕೋತಾರ."

ಗೌಡರು ದೀಪದ ಬತ್ತಿ ಸರಿ ಮಾಡಿದರು.

"ಹಂಗಾರ ನಿಮ್ದು ಸೀರುಡಿಕಿ?" ಎಂದರು ರುದ್ರಪ್ಪನವರು.

"ಹೂನಪ್ಪ."

ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆಗೆ ಕಳಿಸುವ ಪದ್ಧತಿ ಅದು. ಮಂತ್ರವಿಲ್ಲ, ವಾದ್ಯವಿಲ್ಲ, ದೀಪ ಹಚ್ಚುವ ಹೊತ್ತಿಗೆ ನಾಲ್ಕು ಜನರ ನಡುವೆ ಮುಗಿಯುತ್ತದೆ. ನಾನು ಅದನ್ನು ಪರೀಕ್ಷೆಗೆ ಓದಿ ಬರೆದಿದ್ದೆ. ಸೀರುಡಿಕೆಯಾಗಿ ಬಂದವಳನ್ನು ಎದುರಿಗೆ ನೋಡಿದ್ದು ಅದೇ ಮೊದಲು.

"ಒಪ್ಪಿಗಿ ಯಾರು ಕೊಟ್ರಜ್ಜಿ?" ಎಂದೆ.

"ಮದ್ಲಿನ ಮನಿ ಮಾವ. ಕೊಟ್ಟ ಅಂದ್ರ ಏನು, ಕಟ್ಟಿ ಮ್ಯಾಲ ಬಾಗಲಕ್ಕ ಬೆನ್ನ ಮಾಡಿ ಕುಂತ. ನೋಡಲಿಲ್ಲ. ಬ್ಯಾಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಹಂಗ ಕುಂದ್ರಾದ ಪದ್ಧತಿ."

"ನಿಮ್ಮನ್ನ ಕೇಳ್ಲಿಲ್ಲೇನು?"

"ನನ್ನ ಯಾರು ಕೇಳ್ತಾರ. ಕಳಿಸಿದ್ರು, ಬಂದೆ. ಬಂದಿದ್ದಕ್ಕ ಇವ ಹುಟ್ಟಿದ, ಶಾಸಕ ಆಗಿ ಕುಂತಾನ."

ಈ ಪ್ರಸಂಗವನ್ನು ನಾನು ಹೇಳುವಾಗ ಇಲ್ಲಿ ನಿಲ್ಲಿಸುತ್ತೇನೆ. ಅಜ್ಜಿಯ ಒಂದು ಮಾತಿಗೆ ಇಬ್ಬರು ಶಾಸಕರು ತಲೆ ತಗ್ಗಿಸಿದರು ಎಂದು ಕೇಳಿದವರು ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ ಎಂದು ನಾನೂ ಬಿಡುತ್ತೇನೆ. ನಿಜವಾಗಿ ಹಾಗೇನೂ ಆಗಲಿಲ್ಲ. ರುದ್ರಪ್ಪನವರು, "ನೋಡ್ರಿ ಗೌಡ್ರ, ಆಗಿನ ಕಾಲದಾಗೂ ಹಿರೇರ್ನ ಬಿಟ್ಟು ಏನೂ ನಡೀತಿದ್ದಿಲ್ಲ," ಎಂದು ಮತ್ತೊಂದು ಹೋಳಿಗೆ ಹಾಕಿಸಿಕೊಂಡರು. ಅಜ್ಜಿಯೂ ಹೌದೆಂದಳು. ಅವಳು ಅವರ ಕಡೆಯವಳೇ. ಹೆಣ್ಣುಮಕ್ಕಳು ತಾವೇ ತೀರ್ಮಾನ ಮಾಡಿಕೊಳ್ಳುವುದು ಅವಳಿಗೂ ಸರಿ ಬರುತ್ತಿರಲಿಲ್ಲ.

ಆದರೆ ಊಟ ಮುಗಿದು ಎಲೆ ಎತ್ತುವಾಗ ಅವಳು ಹುಲಿಗೆಮ್ಮನನ್ನು ಕರೆದಳು. ಯಾರು ಹೇಳಿದ್ದರೋ, ಅವಳಿಗೆ ಎಲ್ಲ ತಿಳಿದಿತ್ತು. "ನಿಮ್ಮ ಮಾವ ಸಹಿ ಹಾಕಂಗಿಲ್ಲಂತ?"

"ಇಲ್ಲಜ್ಜಿ."

"ಹಾಕೋದು ಬ್ಯಾಡ. ಬಂದು ಕಟ್ಟಿ ಮ್ಯಾಲ ಕುಂದ್ರು ಅಂತ ಹೇಳು. ಅಷ್ಟು ಮಾಡ್ತಾನೇನು ಕೇಳು."

ಹನುಮಂತಪ್ಪ ಅಷ್ಟು ಮಾಡುತ್ತೇನೆಂದ.

ಅಮಾವಾಸ್ಯೆ ಕಳೆದ ಮೇಲೆ ಒಂದು ಸಂಜೆ, ಅಜ್ಜಿಯ ಹೊಲದ ಮನೆಯಲ್ಲಿ. ಮಳೆ ಬಂದು ನಿಂತಿತ್ತು. ಹಿಂದಿನ ದಿನವೇ ರುದ್ರಪ್ಪನವರ ಮಿಲ್ಲಿನಿಂದ ಒಂದು ಅಕ್ಕಿ ಪಾಕೀಟು ಬಂದಿತ್ತು, ಯಾರು ಕಳಿಸಿದ್ದೆಂದು ತಂದವನು ಹೇಳಲಿಲ್ಲ, ಪಾಕೀಟಿನ ಮೇಲೆ ಮಿಲ್ಲಿನ ಹೆಸರು ದಪ್ಪ ಅಕ್ಷರದಲ್ಲಿತ್ತು. ಒಳಗೆ ಅಜ್ಜಿ, ಹುಲಿಗೆಮ್ಮ, ಈರಣ್ಣ, ಅವನ ಕಡೆಯ ಒಬ್ಬ ಮುದುಕಿ. ಮುತ್ತೈದೆಯರು ನೋಡಬಾರದು, ಮದುವೆಯಾಗದವರೂ ನೋಡಬಾರದು ಎಂದು ಅಜ್ಜಿ ನನ್ನನ್ನು ಹೊರಗೆ ಕೂರಿಸಿದಳು. ಮೆಟ್ಟಿಲ ಮೇಲೆ ಕೂತೆ.

ಹನುಮಂತಪ್ಪ ಬಂದು ಕಟ್ಟೆಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ ಕೂತ. ಸ್ವಲ್ಪ ಹೊತ್ತಿಗೆ ಗೌಡರ ಕಾರು ದೂರದಲ್ಲೇ ನಿಂತಿತು. ಅವರು ಕೆಸರಲ್ಲಿ ನಡೆದು ಬಂದು ಅವನ ಪಕ್ಕದಲ್ಲಿ, ಹಾಗೆಯೇ ಬೆನ್ನು ಮಾಡಿ ಕೂತರು. ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ.

"ಲಾರಿ ಓಡಾಟ ಕಮ್ಮಿ ಐತಲ್ರಿ ಗೌಡ್ರ," ಎಂದ ಹನುಮಂತಪ್ಪ.

"ಮಳಿ ಐತಲ್ಲಪ್ಪ."

"ನಮ್ಮ ಹುಡುಗನ ಲಾರಿ ಸಪ್ಪಳ ನನಗ ದೂರದಿಂದ ಗುರ್ತು ಸಿಗ್ತಿತ್ತು."

"ಹೂಂ."

ಒಳಗಿನಿಂದ ಅಜ್ಜಿಯ ದನಿ ಬಂತು. "ಸೆರಗು ಸರಿ ಹೊಚ್ಗ. ಹಿರೇರ ಮುಂದ ಇಟ್ಟ ಸೀರಿ ಅದು, ನೆಲಕ್ಕ ತಾಗಿಸಬ್ಯಾಡ." ಅಮಾವಾಸ್ಯೆಯ ದಿನ ಎಡೆಗೆ ಇಟ್ಟಿದ್ದ ಸೀರೆಯನ್ನೇ ಅವಳು ಹುಲಿಗೆಮ್ಮನಿಗೆ ಉಡಿಸಿದ್ದಳು. ಕಮಲಾಪುರದಲ್ಲಿ ಹುಲಿಗೆಮ್ಮ ನಗುತ್ತ ಹೇಳಿದ ಹಿರಿಯರೂ, ಗೌಡರು ಕಣ್ಣು ಮುಚ್ಚಿ ಹೇಳಿದ ಹಿರಿಯರೂ ಹೀಗೆ ಒಂದೇ ಮನೆಯಲ್ಲಿ ಸೇರಿದ್ದರು. ಇದು ನನಗೆ ಆಗಲೇ ಹೊಳೆಯಿತೋ ಆಮೇಲೆ ಕಟ್ಟಿಕೊಂಡದ್ದೋ ಗೊತ್ತಿಲ್ಲ. ಕಣ್ಣಿಗೆ ಕಂಡದ್ದು ಎರಡು ಬೆನ್ನುಗಳು ಮಾತ್ರ. ಒಂದರ ಮೇಲೆ ಬಿಳಿ ಖಾದಿ, ಇನ್ನೊಂದರ ಮೇಲೆ ಹಳೆಯ ಬನಿಯನ್ನು.

"ಆತೇನವ್ವ?" ಗೌಡರು ತಿರುಗದೆ ಕೇಳಿದರು.

"ಆತು."

ಇಬ್ಬರೂ ಎದ್ದರು. ಮನೆಯ ಕಡೆ ಮುಖ ತಿರುಗಿಸದೆ ಕೆಸರಿಗೆ ಇಳಿದು ಹೋದರು.

ಮರುದಿನ ಗೌಡರು ಬೆಂಗಳೂರಿಗೆ ಹೊರಡುವ ಮುಂಚೆ ಸದನದ ಭಾಷಣ ಓದಿಸಿಕೊಂಡರು. ಹಿರಿಯರ ಒಪ್ಪಿಗೆಯಿಲ್ಲದ ಮದುವೆ ನಮ್ಮ ಸಂಸ್ಕೃತಿಯಲ್ಲ ಎಂಬ ಸಾಲು ಬಂದಾಗ ನಾನು ನಿಲ್ಲಿಸಿದೆ. ನಿನ್ನೆ ಅಲ್ಲಿ ಸಹಿ ಯಾರೂ ಹಾಕಲಿಲ್ಲವಲ್ಲ ಎಂದೆ.

"ಹಿರೇರು ಇದ್ರಲ್ಲ ತಂಗಿ," ಎಂದರು ಅವರು. ಅಣಕವಿರಲಿಲ್ಲ ಆ ಮಾತಿನಲ್ಲಿ. "ಮುಂದಕ್ಕ ಓದು."

ಓದಿದೆ.

ಮಸೂದೆಗೆ ಕೊನೆಗೂ ಸರದಿ ಬರಲಿಲ್ಲ. ಸದನದ ಅವಧಿ ಮುಗಿದು ಅದೂ ಮುಗಿಯಿತು. ಮುಂದಿನ ಚುನಾವಣೆಗೆ ರುದ್ರಪ್ಪನವರು ಗೌಡರ ಪಕ್ಷಕ್ಕೆ ಬಂದರು, ಟಿಕೆಟ್ಟಿನ ಸಿಟ್ಟಿಗೆ ಗೌಡರು ರುದ್ರಪ್ಪನವರ ಪಕ್ಷಕ್ಕೆ ಹೋದರು. ಸಮಾನ ಮನಸ್ಕರು ಮತ್ತೆ ಎದುರು ಬದುರೇ ಆದರು. ನನಗೆ ಬೇರೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಗೌಡರು ತೀರಿಕೊಂಡಾಗ ಹೋಗಿದ್ದೆ. ಹೊಲದ ಮನೆಯ ಕಟ್ಟೆ ಹಾಗೆಯೇ ಇತ್ತು.

ಹುಲಿಗೆಮ್ಮನಿಗೆ ಕಾಗದ ಸಿಗಲಿಲ್ಲ. ಎರಡು ಸಲ ಮತ್ತೆ ಹೋದಳು, ಆಮೇಲೆ ಬಿಟ್ಟಳು. ಹನುಮಂತಪ್ಪ ಇರುವ ತನಕ ಕುರೆಕುಪ್ಪಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದಳು. ಅವನು ಕೊನೆಯವರೆಗೂ ಎಲ್ಲೂ ಹೆಬ್ಬಟ್ಟು ಒತ್ತಲಿಲ್ಲ.

ಕಚೇರಿಯ ಬೆಂಚಿನಲ್ಲಿ ಇಷ್ಟನ್ನೂ ನೆನೆದು, ಅವಳಿಗೇ ಫೋನ್ ಮಾಡಿದೆ. ಹಿಂದೆ ಕುಕ್ಕರಿನ ಸದ್ದು ಕೇಳುತ್ತಿತ್ತು. ಹಿರೇರ ಸಹಿ ಇನ್ನೂ ಕೇಳುತ್ತಾರೆ ನೋಡು ಎಂದೆ.

"ಕೇಳ್ದ ಏನ್ರಿ," ಎಂದಳು. "ಮದ್ಲಿಂದ ಕೇಳ್ತಾರಲ್ಲ."

"ಮದ್ಲಿಂದ ಅಲ್ಲ ಹುಲಿಗೆಮ್ಮ. ಅದು ಶುರು ಆಗಿದ್ದ ನಿನ್ನಿಂದ."

"ಹಂಗೇನು? ನನಗ ನೆಪ್ಪಿಲ್ಲ ಬಿಡ್ರಿ." ನಕ್ಕಳು. "ರೇಷನ್ ಕಾರ್ಡಿನ್ಯಾಗ ನನಗ ಗಂಡ ಇಲ್ರಿ ಅಕ್ಕಾರ. ಅಡಿಗಿ ಮಾತ್ರ ಇಬ್ರಿಗೆ ಮಾಡ್ತೀನಿ."

ಸಾಹೇಬರು ಊಟ ಮುಗಿಸಿ ಬಂದರು. ಗುಮಾಸ್ತ ಒಳಗೆ ಹೋಗಿ ಕೇಳಿ ಬಂದ.

"ಅಪ್ಪ ಅವ್ವನ ಬೇಕು ಅಂತೇನಿಲ್ಲಂತ್ರಿ. ಯಾರರ ಹಿರೇರು ಆದ್ರ ಸಾಕು." ನನ್ನ ತಲೆಗೂದಲನ್ನು ನೋಡಿದ. "ನೀವೇ ಹಾಕಿಬಿಡ್ರಿ ಮೇಡಂ. ಹಿರೇರು ಅದೀರಿ."

ರೇಣುಕಾ ನನ್ನ ಮುಖ ನೋಡುತ್ತಿದ್ದಳು. ಇಲ್ಲ, ಇಂಥ ಸಹಿ ಬೇಕಿಲ್ಲ, ಬರವಣಿಗೆಯಲ್ಲಿ ಕೊಡಿ ಎಂದು ನಾನು ನಿಲ್ಲಬಹುದಿತ್ತು. ನಿಂತರೆ ಅವಳು ಇವತ್ತು ಮದುವೆಯಾಗದೆ ಮನೆಗೆ ಹೋಗಬೇಕು, ನಾಳೆ ಮತ್ತೆ ಬರಬೇಕು, ನಾಳಿದ್ದು ಇನ್ನೊಂದು ಕಾಗದ. ಎರಡು ಸಲ ಹೋಗಿ ಬಿಟ್ಟವಳ ಕುಕ್ಕರಿನ ಸದ್ದು ಇನ್ನೂ ಕಿವಿಯಲ್ಲಿತ್ತು. ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.

"ಸಂಬಂಧ ಏನಂತ ಬರೀಲ್ರಿ?"

"ಹಿರಿಯರು ಅಂತ ಬರಿ."

ಅವನು ಬರೆದುಕೊಂಡ. ನಾನು ಏಳುವಷ್ಟರಲ್ಲಿ ಹಿಂದೆ ಇನ್ನೊಂದು ಜೋಡಿ ಬಂದು ನಿಂತಿತ್ತು. ಹುಡುಗಿ ಬಾಗಿಲ ಕಡೆ ನೋಡುತ್ತ ನೋಡುತ್ತ ಉಗುರು ಕಚ್ಚುತ್ತಿದ್ದಳು. ಗುಮಾಸ್ತ ಅವರ ಕಾಗದಗಳನ್ನು ತಿರುವಿ, ತಲೆಯೆತ್ತಿ, ನನ್ನ ಕಡೆ ಕೈ ತೋರಿಸಿದ.

"ಆ ಮೇಡಂನ ಕೇಳ್ರಿ. ಹಾಕ್ತಾರ."

ಅವರು ನನ್ನನ್ನು ನೋಡಿದರು. ನಾನು ಮತ್ತೆ ಕೂತೆ. ಅವನು ಹಾಳೆಯನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ಜಾಗ ತೋರಿಸಿದ. ಹೆಸರುಗಳು ಮೇಲಿದ್ದವು. ಓದದೆ ಸಹಿ ಹಾಕಿದೆ.